ಆ ಒಂದು ಸಾಲನ್ನು ಯಾರೂ ಓದಿ ಹೇಳಲಿಲ್ಲ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಹೊಟ್ಟೆಯ ಮಹಾಪಧಮನಿಯ (ಅಯೋರ್ಟಾ) ಉಬ್ಬು ಸ್ಕ್ಯಾನಿನಲ್ಲಿ ಕಂಡರೂ ರೋಗಿಗೆ ತಿಳಿಸದೆ ಇರುವುದು, ಮತ್ತು ಸ್ಟೆಂಟ್ ಗ್ರಾಫ್ಟ್ ಹಾಕಿದ ಮೇಲಿನ ತಪಾಸಣೆ ಕುರಿತು.

ಮಾನ್ಯರೇ,

ನಾನು ಕಡೂರು ತಾಲ್ಲೂಕಿನವಳು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ನಮ್ಮ ಅಪ್ಪ ಬಸ್ ಚಾಲಕರಾಗಿದ್ದವರು. ನಿವೃತ್ತಿ ಆಗುವ ತನಕ ಮಲೆನಾಡಿನ ತಿರುವುಗಳಲ್ಲಿ ಬಸ್ ಓಡಿಸಿದರು. ಜೊತೆಗೆ ದಿನಕ್ಕೊಂದು ಕಟ್ಟು ಬೀಡಿ. ಅಪ್ಪ ಈಗ ಚೆನ್ನಾಗಿದ್ದಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪತ್ರ ಪರಿಹಾರ ಕೇಳುವುದಕ್ಕಲ್ಲ. ಯಾರ ಮೇಲೂ ಕೇಸು ಹಾಕುವ ಯೋಚನೆಯೂ ಇಲ್ಲ. ಅದಕ್ಕೇ ಯಾವ ಆಸ್ಪತ್ರೆಯ ಹೆಸರನ್ನೂ ಬರೆದಿಲ್ಲ.

2021ರಲ್ಲಿ ಅಪ್ಪನಿಗೆ 65 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಪ್ರಾಸ್ಟೇಟ್ ಇರಬಹುದು ಎಂದು ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಬರೆದುಕೊಟ್ಟರು. ಸ್ಕ್ಯಾನ್ ಆಯಿತು. ರಿಪೋರ್ಟ್ ಎರಡು ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ಕೊನೆಗೆ 'ಇಂಪ್ರೆಷನ್' (ಒಟ್ಟು ಸಾರಾಂಶ) ಅಂತ ದಪ್ಪ ಅಕ್ಷರದಲ್ಲಿ ಪ್ರಾಸ್ಟೇಟ್ ದೊಡ್ಡದಾಗಿದೆ ಎಂದಷ್ಟೇ ಇತ್ತು. ಡಾಕ್ಟರು ಅದನ್ನು ನೋಡಿ ಮಾತ್ರೆ ಬರೆದರು. ಅಪ್ಪ ಮಾತ್ರೆ ನುಂಗಿದರು, ರಾತ್ರಿ ನಿದ್ದೆ ಬಂತು. ರಿಪೋರ್ಟು ಬೀರುವಿನಲ್ಲಿ ಎಲ್ಐಸಿ ಪಾಲಿಸಿಯ ಕೆಳಗೆ ಸೇರಿತು.

2024ರಲ್ಲಿ ಅದನ್ನು ಮತ್ತೆ ತೆಗೆದು ಓದಿದೆ. ಮೊದಲ ಪುಟದಲ್ಲಿ ಲಿವರ್, ಕಿಡ್ನಿ, ಪಿತ್ತಕೋಶ ಎಲ್ಲಾ ನಾರ್ಮಲ್ ಎನ್ನುವ ಸಾಲುಗಳ ಮಧ್ಯೆ ಇನ್ನೊಂದು ಸಾಲು ಇತ್ತು. ಅಬ್ಡಾಮಿನಲ್ ಅಯೋರ್ಟಾ ಡೈಲೇಟೆಡ್, 46 ಎಂ.ಎಂ. ಅಂದರೆ ಹೊಟ್ಟೆಯ ಅಯೋರ್ಟಾ ಹಿಗ್ಗಿದೆ, 4.6 ಸೆಂಟಿಮೀಟರ್. ಅಷ್ಟೇ. ಆ ಸಾಲು ಎರಡನೇ ಪುಟದ ಇಂಪ್ರೆಷನ್‌ಗೆ ಬರಲೇ ಇಲ್ಲ.

ಮಾನ್ಯರೇ, ಅಯೋರ್ಟಾ ಅಂದರೆ ಹೃದಯದಿಂದ ಹೊರಟು ಬೆನ್ನುಮೂಳೆಯ ಮುಂದೆ ಇಳಿದು ಬರುವ ದೊಡ್ಡ ರಕ್ತನಾಳ. ಹೊಟ್ಟೆಯ ಹತ್ತಿರ ಅದರ ಅಗಲ ಸುಮಾರು 2 ಸೆಂಟಿಮೀಟರ್. 3 ದಾಟಿದರೆ ಅನ್ಯೂರಿಸಂ ಅನ್ನುತ್ತಾರೆ, ಅಂದರೆ ಗೋಡೆ ಸಡಿಲವಾಗಿ ಉಬ್ಬಿದೆ ಎಂದರ್ಥ. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಮುಟ್ಟಿದರೆ ರಿಪೇರಿ ಮಾಡಿಸಬೇಕು. ಸಾಮಾನ್ಯವಾಗಿ ಅಲ್ಲಿಯ ತನಕ ನೋವೂ ಇರುವುದಿಲ್ಲ, ಗುರುತೂ ಇರುವುದಿಲ್ಲ. ಒಡೆದರೆ ಹತ್ತರಲ್ಲಿ ಎಂಟು ಮಂದಿ ಉಳಿಯುವುದಿಲ್ಲ, ಎಷ್ಟೋ ಜನ ಆಸ್ಪತ್ರೆಯ ಬಾಗಿಲನ್ನೂ ಕಾಣುವುದಿಲ್ಲ. ಇದನ್ನೆಲ್ಲ ನಾನು ಕಲಿತದ್ದು ಆಮೇಲೆ.

ಇಂಗ್ಲೆಂಡಿನಲ್ಲಿ ಗಂಡಸರಿಗೆ 65 ಆಗುವ ವರ್ಷ ಈ ಒಂದು ಸ್ಕ್ಯಾನಿಗೆ ಬನ್ನಿ ಅಂತ ಮನೆಗೆ ಕಾಗದ ಬರುತ್ತದೆ. 2009ರಲ್ಲಿ ಶುರು ಮಾಡಿ 2013ರ ಹೊತ್ತಿಗೆ ಇಡೀ ದೇಶಕ್ಕೆ ತಂದರು. 4.5ರಿಂದ 5.4ರ ಒಳಗಿದ್ದರೆ ಮೂರು ತಿಂಗಳಿಗೊಮ್ಮೆ ಕರೆದು ಅಳೆಯುತ್ತಾರೆ. ನಮ್ಮ ಅಪ್ಪನಿಗೂ ಸರಿಯಾಗಿ 65ಕ್ಕೇ ಸ್ಕ್ಯಾನ್ ಆಗಿತ್ತು ನೋಡಿ. ಅಳತೆಯೂ ಸರಿಯಾಗೇ ಸಿಕ್ಕಿತ್ತು. ಮೂರು ತಿಂಗಳಿಗೊಂದರಂತೆ ಮೂರು ವರ್ಷಕ್ಕೆ ಹನ್ನೆರಡು ಸ್ಕ್ಯಾನ್ ಆಗಬೇಕಿತ್ತು. ಒಂದೂ ಆಗಲಿಲ್ಲ. ನಮ್ಮಲ್ಲಿ ಮಷೀನ್ ಇಲ್ಲ, ಡಾಕ್ಟರ್ ಇಲ್ಲ ಎಂದು ಹೇಳುವ ಹಾಗೂ ಇಲ್ಲ. ಮಷೀನ್ ಇತ್ತು, ಡಾಕ್ಟರ್ ಇದ್ದರು, ಸಂಖ್ಯೆ ಬರೆದೂ ಇದ್ದರು. ಅದನ್ನು ಬಾಯಿಬಿಟ್ಟು ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ.

2024ರ ಬೇಸಿಗೆಯಲ್ಲಿ ಅಪ್ಪನಿಗೆ ಸೊಂಟದ ಹಿಂದೆ ನೋವು ಶುರುವಾಯಿತು. ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂದರು. ಇನ್ನೊಂದರಲ್ಲಿ ಡ್ರೈವರ್ ಆಗಿದ್ರಲ್ಲಾ, ಡಿಸ್ಕ್ ಸವೆದಿರುತ್ತೆ ಅಂದು ಇಂಜೆಕ್ಷನ್ ಕೊಟ್ಟರು. ಎರಡೂ ಕಡೆ ಅಪ್ಪ ಸ್ಟೂಲಿನ ಮೇಲೆ ಕೂತೇ ಇದ್ದರು. ಮಲಗಿ ಎಂದು ಯಾರೂ ಹೇಳಲಿಲ್ಲ. ಹೊಟ್ಟೆ ಮುಟ್ಟಲಿಲ್ಲ. ಎರಡು ವಾರ ಹೀಗೇ ಕಳೆಯಿತು.

ಆಮೇಲೆ ಅಮ್ಮ ಅಪ್ಪನನ್ನು ಪಕ್ಕದ ಊರಿನ ಬಟ್ಟಿ ತೆಗೆಯುವ ಅಜ್ಜಿಯ ಹತ್ತಿರ ಕರೆದುಕೊಂಡು ಹೋದರು. ನಮ್ಮ ಕಡೆ ಹೊಕ್ಕುಳ ಸುತ್ತ ನೋವು ಬಂದರೆ ಬಟ್ಟಿ ಜಾರಿದೆ ಅನ್ನುತ್ತಾರೆ, ಎಣ್ಣೆ ಹಚ್ಚಿ ಒತ್ತಿ ಸರಿ ಮಾಡುತ್ತಾರೆ. ನನಗೆ ಇದರಲ್ಲಿ ನಂಬಿಕೆ ಇಲ್ಲ, ಅವತ್ತು ಅಮ್ಮನ ಮೇಲೆ ರೇಗಿಯೂ ಇದ್ದೆ. ಅಜ್ಜಿ ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿ ಹೊಕ್ಕುಳ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೈ ತೆಗೆದುಬಿಟ್ಟರು. "ಇದು ಬಟ್ಟಿ ಅಲ್ಲ ಕಣಪ್ಪ. ಕೈ ಇಟ್ರೆ ಕೈನೇ ಎತ್ತುತ್ತೆ. ನಾನು ಒತ್ತಲ್ಲ, ದೊಡ್ಡಾಸ್ಪತ್ರೆಗೆ ಹೋಗು" ಅಂದರು. ದುಡ್ಡೂ ತಗೊಳ್ಳಲಿಲ್ಲ.

ಉಬ್ಬಿದ ಅಯೋರ್ಟಾ ಹಾಗೇ ಬಡಿಯುತ್ತದಂತೆ. ತೆಳ್ಳಗಿರುವವರಲ್ಲಿ ಕೈಗೆ ಸಿಗುತ್ತದೆ. ಆಮೇಲೆ ಬೆಂಗಳೂರಿನ ಡಾಕ್ಟರು ಕೂಡ ಮೊದಲು ಮಾಡಿದ್ದು ಅದನ್ನೇ. ಅಪ್ಪನನ್ನು ಮಲಗಿಸಿ ಹೊಟ್ಟೆಯ ಮೇಲೆ ಕೈ ಇಟ್ಟರು. ಅಜ್ಜಿ ಅವತ್ತು ಎಣ್ಣೆ ಹಚ್ಚಿ ಜೋರಾಗಿ ಒತ್ತಿದ್ದರೆ ಏನಾಗುತ್ತಿತ್ತೋ, ನಾನು ಆ ಲೆಕ್ಕಕ್ಕೆ ಹೋಗುವುದಿಲ್ಲ.

ಮರುದಿನವೇ ಸ್ಕ್ಯಾನ್ ಮಾಡಿಸಿದೆವು. 6.2 ಸೆಂಟಿಮೀಟರ್. ಸ್ಕ್ಯಾನ್ ಮಾಡಿದ ಡಾಕ್ಟರು ಎದ್ದು ಹೊರಗೆ ಬಂದು ನನ್ನನ್ನು ಕರೆದು, ಇವತ್ತೇ ಬೆಂಗಳೂರಿಗೆ ಹೊರಡಿ, ಬಸ್ಸಿನಲ್ಲಿ ಬೇಡ ಅಂದರು. ಅವರೂ ಸಣ್ಣ ಸ್ಕ್ಯಾನಿಂಗ್ ಸೆಂಟರಿನವರೇ. ಎರಡು ನಿಮಿಷದ ಮಾತು. ಆ ಎರಡು ನಿಮಿಷವನ್ನೇ ನಾನು ಈ ಪತ್ರದಲ್ಲಿ ಕೇಳುತ್ತಿರುವುದು.

ಬೆಂಗಳೂರಿನಲ್ಲಿ ಡಾಕ್ಟರು ಎರಡು ದಾರಿ ಹೇಳಿದರು. ಒಂದು ಹಳೆಯ ದಾರಿ. ಎದೆಯ ಕೆಳಗಿನಿಂದ ಹೊಟ್ಟೆಯುದ್ದಕ್ಕೂ ಕೊಯ್ದು, ಅಯೋರ್ಟಾವನ್ನು ಕ್ಲಾಂಪ್ ಹಾಕಿ ಹಿಡಿದು, ಬಟ್ಟೆಯ ಕೊಳವೆ ಹೊಲಿಯುವುದು. ಇನ್ನೊಂದು ಈವಾರ್. ಎರಡೂ ತೊಡೆಸಂದಿನ ರಕ್ತನಾಳದ ಮೂಲಕ ಮಡಚಿದ ಸ್ಟೆಂಟ್ ಗ್ರಾಫ್ಟನ್ನು ಒಳಗೆ ಕಳಿಸಿ, ಎಕ್ಸ್‌ರೇ ಪರದೆ ನೋಡಿಕೊಂಡು ಉಬ್ಬಿನ ಒಳಗೇ ಬಿಚ್ಚುವುದು. ಬೀಡಿಯಿಂದ ಅಪ್ಪನ ಶ್ವಾಸಕೋಶ ಹಾಳಾಗಿತ್ತು, ದೊಡ್ಡ ಆಪರೇಷನ್ ತಡೆಯುವುದು ಕಷ್ಟ ಅಂದರು. ಕಿಡ್ನಿಗೆ ಹೋಗುವ ನಾಳಗಳ ಕೆಳಗೆ ಗ್ರಾಫ್ಟ್ ಕಚ್ಚಿಕೊಳ್ಳಲು ಒಂದರಿಂದ ಒಂದೂವರೆ ಸೆಂಟಿಮೀಟರ್ ಒಳ್ಳೆಯ ಜಾಗ ಬೇಕು. ಸಿ.ಟಿ.ಯಲ್ಲಿ ಅಳೆದರು. ಅದೃಷ್ಟ, ಜಾಗ ಇತ್ತು.

ಟೇಬಲ್ಲಿನ ಮೇಲೆ ಒಂದು ಸ್ಯಾಂಪಲ್ ಗ್ರಾಫ್ಟ್ ಇತ್ತು. ಪಾಲಿಯೆಸ್ಟರ್ ಬಟ್ಟೆ, ಅದಕ್ಕೆ ಹೊಲಿದ ಅಂಕುಡೊಂಕು ತಂತಿ. ಮೇಲೆ ಒಂದು ಬಾಯಿ, ಕೆಳಗೆ ಎರಡು ಕಾಲು, ಥೇಟ್ ಗೊಂಬೆಯ ಪ್ಯಾಂಟು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಅಮುಕಿ ನೋಡಿದರು. ಬಿಟ್ಟ ತಕ್ಷಣ ಅದು ಮೊದಲಿನ ಹಾಗೆ ಅರಳಿತು. ನಾನು ಏನಾದರೂ ವಿವರಿಸಬೇಕು ಎನ್ನುವಷ್ಟರಲ್ಲಿ ಅಪ್ಪನೇ ಹೇಳಿದರು: "ಅರ್ಥ ಆಯ್ತು ಬಿಡಿ ಸಾರ್. ಟೈರು ಹೊಟ್ಟೆ ಬಿಟ್ಟಿದೆ, ಒಳಗಿಂದ ಗೇಟರ್ ಹಾಕ್ತೀರ." ಡಾಕ್ಟರಿಗೆ ಗೇಟರ್ ಅಂದರೆ ಗೊತ್ತಿರಲಿಲ್ಲ. ಟೈರಿನ ಒಳಗೆ, ಕಿತ್ತುಹೋದ ಜಾಗಕ್ಕೆ, ಟ್ಯೂಬಿಗೆ ಪೆಟ್ಟಾಗದ ಹಾಗೆ ಕೊಡುವ ರಬ್ಬರ್ ಪಟ್ಟಿ ಅಂತ ಅಪ್ಪ ಅವರಿಗೆ ಪಾಠ ಮಾಡಿದರು. "ಗೇಟರ್ ಹಾಕಿದ ಗಾಡೀನ ದಿನಾ ಇಳಿದು ನೋಡ್ತಿರಬೇಕು" ಎಂದೂ ಸೇರಿಸಿದರು. ಡಾಕ್ಟರು ನಕ್ಕು, ನಾನು ಹೇಳಬೇಕಾದದ್ದನ್ನು ನೀವೇ ಹೇಳಿದ್ರಿ ಯಜಮಾನ್ರೇ ಅಂದರು.

ಅವರು ಹೇಳಬೇಕಿದ್ದದ್ದು ಇದು. ಈವಾರ್‌ನಲ್ಲಿ ಉಬ್ಬನ್ನು ತೆಗೆಯುವುದಿಲ್ಲ. ಅದು ಅಲ್ಲೇ ಇರುತ್ತದೆ, ರಕ್ತ ಮಾತ್ರ ಗ್ರಾಫ್ಟಿನ ಒಳಗೆ ಹರಿಯುತ್ತದೆ. ಮುಂದೆ ಯಾವತ್ತಾದರೂ ಗ್ರಾಫ್ಟ್ ಸರಿಯಬಹುದು, ಪಕ್ಕದಿಂದ ಸೋರಬಹುದು, ಉಬ್ಬು ಮತ್ತೆ ಬೆಳೆಯಬಹುದು. ಬ್ರಿಟನ್ನಿನಲ್ಲಿ ಎರಡೂ ವಿಧಾನವನ್ನು ಹೋಲಿಸಿ ನೋಡಿದ್ದಾರೆ. ಮೊದಲ 30 ದಿನದಲ್ಲಿ ಸತ್ತವರು ಈವಾರ್‌ನಲ್ಲಿ ಶೇ. 1.7, ಕೊಯ್ದು ಮಾಡುವ ಆಪರೇಷನ್ನಿನಲ್ಲಿ ಶೇ. 4.7. ಇದು 2004ರ ಲೆಕ್ಕ. ಅದೇ ರೋಗಿಗಳನ್ನು ಹದಿನೈದು ವರ್ಷ ಹಿಂಬಾಲಿಸಿದಾಗ ಆ ಮುನ್ನಡೆ ಉಳಿಯಲಿಲ್ಲ. ಎಂಟು ವರ್ಷ ದಾಟಿದ ಮೇಲೆ ಹಳೆಯ ಆಪರೇಷನ್ ಆದವರೇ ಹೆಚ್ಚು ಉಳಿದಿದ್ದರು. ಗ್ರಾಫ್ಟ್ ಇದ್ದೂ ಉಬ್ಬು ಒಡೆದದ್ದು ಒಂದು ಮುಖ್ಯ ಕಾರಣ. ಹಾಗಾಗಿ ಜೀವ ಇರುವ ತನಕ ನೋಡಿಕೊಳ್ಳುತ್ತಿರಲೇಬೇಕು. ಗಾಯ ಸಣ್ಣದು ಅಂತ ಕೆಲಸ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ.

ಎರಡೂವರೆ ಗಂಟೆ ಹಿಡಿಯಿತು. ಮರುದಿನ ಅಪ್ಪ ಎದ್ದು ಓಡಾಡಿದರು. ನಾಲ್ಕನೇ ದಿನ ಮನೆಯಲ್ಲಿದ್ದರು. ತೊಡೆಸಂದಿನಲ್ಲಿ ಎರಡು ಸಣ್ಣ ಪ್ಲಾಸ್ಟರ್, ಅಷ್ಟೇ. ನೋಡಲು ಬಂದವರು ಆಪರೇಷನ್ ಎಲ್ಲಾಗಿದೆ ಅಂತ ಹುಡುಕುತ್ತಿದ್ದರು. ಇದನ್ನು ಮೊದಲ ಬಾರಿಗೆ 1990ರಲ್ಲಿ ಹುವಾನ್ ಪರೋಡಿ ಎಂಬ ಸರ್ಜನ್ ಬ್ಯೂನಸ್ ಐರಿಸ್‌ನಲ್ಲಿ ಮಾಡಿದ್ದರಂತೆ. ಅದಕ್ಕೂ ಮೊದಲು, 1987ರಲ್ಲಿ, ಹಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊದೊಸ್ ಎದೆಯ ಭಾಗದ ಅಯೋರ್ಟಾಕ್ಕೆ ಹೀಗೆ ಒಳಗಿನಿಂದಲೇ ಗ್ರಾಫ್ಟ್ ಹಾಕಿದ್ದರು. ಅಂದರೆ ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ನಮ್ಮ ರಾಜ್ಯದಲ್ಲೂ ಮಾಡುವ ಕೈಗಳಿವೆ.

ಇನ್ನು ದುಡ್ಡಿನ ಮಾತು. ಒಟ್ಟು ಖರ್ಚು ಏಳೂವರೆ ಲಕ್ಷ. ಅದರಲ್ಲಿ ಗ್ರಾಫ್ಟಿಗೇ ನಾಲ್ಕೂವರೆ ಲಕ್ಷದ ಮೇಲೆ. ಅದೇ ಗ್ರಾಫ್ಟಿಗೆ ಇನ್ನೊಂದು ಆಸ್ಪತ್ರೆಯಲ್ಲಿ ಒಂದು ಲಕ್ಷ ಜಾಸ್ತಿ ಹೇಳಿದ್ದರು. ಅಪ್ಪನ ಪಿಎಫ್ ಉಳಿಕೆ, ಅಮ್ಮನ ಸರ, ನನ್ನ ಸೊಸೈಟಿ ಸಾಲ ಎಲ್ಲ ಸೇರಿಸಿ ಕಟ್ಟಿದೆವು. ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಉಂಟು. ನಮ್ಮಂಥವರಿಗೆ ಪ್ಯಾಕೇಜ್ ದರದ ಶೇ. 30, ಅದೂ ಒಂದೂವರೆ ಲಕ್ಷ ಮೀರುವ ಹಾಗಿಲ್ಲ. ಆ ನಿಯಮವನ್ನು ನಾನು ಪ್ರಶ್ನೆ ಮಾಡುತ್ತಿಲ್ಲ. ಆದರೆ 2017ರ ಫೆಬ್ರುವರಿಯಲ್ಲಿ ಹೃದಯದ ಸ್ಟೆಂಟಿಗೆ ಕೇಂದ್ರದ ಬೆಲೆ ಪ್ರಾಧಿಕಾರ ಮಿತಿ ಹಾಕಿತಲ್ಲ, ಔಷಧಿ ಲೇಪಿಸಿದ್ದಕ್ಕೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ಅದೇ ವರ್ಷ ಕೃತಕ ಮಂಡಿಗೂ ಹಾಕಿತು. ಹೊಟ್ಟೆಯ ಗ್ರಾಫ್ಟಿಗೆ ಅಂಥ ಮಿತಿ ಇಲ್ಲ. ಇದು ತಮ್ಮ ಕೈಯಲ್ಲಿಲ್ಲ, ಗೊತ್ತು. ರಾಜ್ಯದಿಂದ ಒಂದು ಪತ್ರ ಬರೆಯುವುದು ಮಾತ್ರ ತಮ್ಮ ಕೈಯಲ್ಲೇ ಇದೆ.

ದರಕ್ಕಿಂತ ನನಗೆ ಜಾಸ್ತಿ ಚಿಂತೆ ಆಮೇಲಿನ ಸ್ಕ್ಯಾನಿನದು. ಒಂದು ತಿಂಗಳಿಗೆ ಒಂದು, ವರ್ಷಕ್ಕೆ ಒಂದು, ಆಮೇಲೆ ಪ್ರತಿ ವರ್ಷ. ರಕ್ತನಾಳ ಎದ್ದು ಕಾಣಲು ಕಾಂಟ್ರಾಸ್ಟ್ ಔಷಧಿ ಹಾಕುವುದರಿಂದ, ಮೊದಲು ಕಿಡ್ನಿ ಟೆಸ್ಟು, ಆಮೇಲೆ ಸಿ.ಟಿ. ವರ್ಷದ ಸ್ಕ್ಯಾನಿನಲ್ಲಿ ಅಪ್ಪನಿಗೆ ಸಣ್ಣ ಸೋರಿಕೆ ಸಿಕ್ಕಿತು. ಹಿಂದಿನ ಕಿರುನಾಳದಿಂದ ಉಬ್ಬಿನೊಳಗೆ ರಕ್ತ ಬರುತ್ತಿದೆ, ಉಬ್ಬು ಬೆಳೆದಿಲ್ಲ, ಈಗ ಏನೂ ಮಾಡುವುದು ಬೇಡ, ನೋಡುತ್ತಿರೋಣ ಅಂದರು. ಆರು ತಿಂಗಳಿಗೆ ಮತ್ತೆ ಹೋಗಬೇಕು. ಅಪ್ಪನ ಜೊತೆ ಅದೇ ವಾರ್ಡಿನಲ್ಲಿ ಇದೇ ಆಪರೇಷನ್ ಆಗಿದ್ದ ರಾಯಚೂರು ಕಡೆಯ ಹಿರಿಯರೊಬ್ಬರ ಮಗನಿಗೆ ಅವತ್ತು ಸುಮ್ನೆ ಫೋನ್ ಮಾಡಿದೆ. "ನಮ್ಮಪ್ಪ ಆರಾಮ್ ಅದಾರ ಅಕ್ಕಾರ, ಸ್ಕ್ಯಾನಿಗೆ ಹೋಗಿಲ್ಲ, ಯಾಕ ಹೋಗಬೇಕು?" ಅಂದರು. ಅವರ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿತ್ತಂತೆ. ಅದೂ ಇಂಗ್ಲಿಷಿನಲ್ಲಿ, ಕೊನೆಯ ಸಾಲಿನಲ್ಲಿ.

ಹಾಗಾಗಿ ತಮ್ಮಲ್ಲಿ ನನ್ನ ಮೊದಲ ಬೇಡಿಕೆ ಹೊಸ ಕಟ್ಟಡದ್ದಲ್ಲ, ಹೊಸ ಯಂತ್ರದ್ದೂ ಅಲ್ಲ. ಸ್ಕ್ಯಾನಿನಲ್ಲಿ ಅಯೋರ್ಟಾ 3 ಸೆಂಟಿಮೀಟರ್ ದಾಟಿದ್ದು ಕಂಡರೆ ಅದು ಇಂಪ್ರೆಷನ್‌ನಲ್ಲಿ ಮೊದಲ ಸಾಲಾಗಿ ಬರಲಿ. ಕೆಳಗೆ ಕನ್ನಡದಲ್ಲಿ ಎರಡು ವಾಕ್ಯ ಇರಲಿ: ಏನು ಕಂಡಿದೆ, ಯಾರನ್ನು ಕಾಣಬೇಕು, ಎಷ್ಟು ದಿನದೊಳಗೆ. ಸ್ಕ್ಯಾನ್ ಮಾಡಿದವರು ರೋಗಿಗೂ, ಬರೆದುಕೊಟ್ಟ ಡಾಕ್ಟರಿಗೂ ಬಾಯಲ್ಲೂ ಹೇಳಲಿ. ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಇದೆ, ಅದರಲ್ಲಿ ರೋಗಿಗಳ ಹಕ್ಕಿನ ಸನ್ನದೂ ಇದೆ. ಇದನ್ನು ಅದರಡಿ ಕಡ್ಡಾಯ ಮಾಡಬಹುದಲ್ವಾ? ಸ್ಕ್ಯಾನಿಂಗ್ ಸೆಂಟರಿನವರಿಗೆ ಹೊರೆ ಆಗುತ್ತೆ ಅನ್ನಬಹುದು. ಗರ್ಭಿಣಿಯರ ಪ್ರತಿ ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬುತ್ತಾರೆ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು ಎಲ್ಲ ಗೋಡೆಯ ಮೇಲೂ ಇದೆ. ಸರ್ಕಾರ ಗಟ್ಟಿಯಾಗಿ ಹೇಳಿದರೆ ಆಗುತ್ತದೆ ಎನ್ನುವುದಕ್ಕೆ ಅದೇ ಬೋರ್ಡು ಸಾಕ್ಷಿ.

ಎಲ್ಲರನ್ನೂ ಕರೆದು ಸ್ಕ್ಯಾನ್ ಮಾಡಿ ಅಂತ ನಾನು ಕೇಳುತ್ತಿಲ್ಲ. ಇಂಗ್ಲೆಂಡಿನಲ್ಲೇ ಈಗ 65ರ ಗಂಡಸರಲ್ಲಿ ನೂರಕ್ಕೆ ಒಬ್ಬರಿಗೆ ಸಿಗುತ್ತದೆ, ಏಷ್ಯಾದವರಲ್ಲಿ ಇನ್ನೂ ಕಡಿಮೆ ಅನ್ನುತ್ತಾರೆ. ಆದರೆ ಪ್ರಾಸ್ಟೇಟಿಗೆ, ಕಿಡ್ನಿ ಕಲ್ಲಿಗೆ ಅಂತ ಹೇಗೂ ಸ್ಕ್ಯಾನಿಗೆ ಮಲಗುವ 60 ದಾಟಿದ ಗಂಡಸರು ದಿನಾ ಎಷ್ಟಿಲ್ಲ! ಅವರು ಬೀಡಿ ಸಿಗರೇಟು ಸೇದುವವರಾಗಿದ್ದರೆ, ಸೇದಿ ಬಿಟ್ಟವರಾಗಿದ್ದರೆ, ಪ್ರೋಬನ್ನು ಅರ್ಧ ನಿಮಿಷ ನಡುವೆ ಇಟ್ಟು ಅಯೋರ್ಟಾ ಅಳೆದು ಸಂಖ್ಯೆ ಬರೆಯಲಿ. 'ನಾರ್ಮಲ್' ಬೇಡ, ಸಂಖ್ಯೆ ಬೇಕು. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವವರು ಬೀಡಿಯ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲಿ: ನಿಮ್ಮ ತಂದೆಯೋ ಅಣ್ಣತಮ್ಮಂದಿರೋ ಹೊಟ್ಟೆ ಅಥವಾ ಬೆನ್ನು ನೋವು ಅಂತ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ?

ಈ ಪ್ರಶ್ನೆಯನ್ನು ಬೆಂಗಳೂರಿನ ಡಾಕ್ಟರು ನಮಗೆ ಕೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದೊಡ್ಡಪ್ಪ ಹಾಗೇ ಹೋದವರು. ತೋಟದಲ್ಲಿ ನೀರು ಕಟ್ಟುತ್ತಿದ್ದವರು ಬೆನ್ನು ಹಿಡಿದುಕೊಂಡು ಕೂತರು, ಜೀಪು ಬರುವಷ್ಟರಲ್ಲಿ ಮುಗಿದಿತ್ತು. ಹಾರ್ಟ್ ಅಟ್ಯಾಕ್ ಅಂದರು, ನಾವೂ ಹಾಗೇ ಅಂದುಕೊಂಡೆವು. ಅದು ಏನಾಗಿತ್ತು ಅಂತ ಈಗ ಹೇಳುವುದಕ್ಕೆ ಆಗುವುದಿಲ್ಲ.

ತುರ್ತಿನ ಬಗ್ಗೆಯೂ ಒಂದು ಮಾತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯವರು ದೂರದಿಂದಲೇ ನೋಡಿ ದಾರಿ ಹೇಳುತ್ತಾರೆ. ಒಳ್ಳೆಯ ಕೆಲಸ. ಅದೇ ತಂತಿಯ ಮೇಲೆ ಇದನ್ನೂ ಓಡಿಸಬಹುದು. 60 ದಾಟಿದವರು, ಬೆನ್ನುನೋವು, ಬಿಪಿ ಇಳಿದಿದೆ, ಹೊಟ್ಟೆ ಬಡಿಯುತ್ತಿದೆ ಅಂದರೆ ಯಾವ ಆಸ್ಪತ್ರೆಯಲ್ಲಿ ಈ ರಾತ್ರಿ ವ್ಯಾಸ್ಕ್ಯುಲರ್ (ರಕ್ತನಾಳದ) ಸರ್ಜನ್ ಇದ್ದಾರೆ ಎಂಬುದು 108ರವರಿಗೆ ಗೊತ್ತಿರಬೇಕು. ನಾವು ಅವತ್ತು ಬಾಡಿಗೆ ಕಾರಿನಲ್ಲಿ ಕೂತು ಗೂಗಲ್‌ನಲ್ಲಿ ಹುಡುಕುತ್ತಾ ಹೋದೆವು. ತುಮಕೂರು ದಾಟುವ ತನಕ ಯಾವ ಆಸ್ಪತ್ರೆ ಎಂದು ತೀರ್ಮಾನ ಆಗಿರಲಿಲ್ಲ.

ಗ್ರಾಫ್ಟ್ ಹಾಕಿಸಿಕೊಂಡವರ ಒಂದು ಪಟ್ಟಿ ರಾಜ್ಯಕ್ಕೆ ಬೇಕು. ವರ್ಷದ ಸ್ಕ್ಯಾನಿಗೆ ಬರಲಿಲ್ಲ ಎಂದರೆ ಆಶಾ ಕಾರ್ಯಕರ್ತೆಗೆ ಸುದ್ದಿ ಹೋಗಲಿ. ಮಕ್ಕಳ ಲಸಿಕೆ ತಪ್ಪಿದರೆ ಅವರು ಮನೆಗೆ ಬರುತ್ತಾರೆ, ಇದಕ್ಕೂ ಬರುತ್ತಾರೆ. ಪ್ಯಾಕೇಜಿನಲ್ಲಿ ಆಪರೇಷನ್ನಿನ ಜೊತೆಗೆ ಮುಂದಿನ ಸ್ಕ್ಯಾನುಗಳ ಖರ್ಚನ್ನೂ ಸೇರಿಸಿ. ಎಪಿಎಲ್‌ನವರಿಗೆ ಗ್ರಾಫ್ಟ್ ಕೊಡಿಸಲು ಆಗದಿದ್ದರೆ ಬೇಡ, ಸ್ಕ್ಯಾನನ್ನಾದರೂ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಕೊಡಿ.

ಕಳೆದ ತಿಂಗಳು ಚಿಕ್ಕಪ್ಪನನ್ನು ಸ್ಕ್ಯಾನಿಗೆ ಕರೆದುಕೊಂಡು ಹೋಗಿದ್ದೆ. ಒಡಹುಟ್ಟಿದವರು ನೋಡಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ರಿಪೋರ್ಟು ಕೈಗೆ ಬಂತು. ಅಯೋರ್ಟಾ ಇನ್ ನಾರ್ಮಲ್ ಲಿಮಿಟ್ಸ್ ಅಂತ ಮೊದಲೇ ಅಚ್ಚಾಗಿದ್ದ ಸಾಲು. ಎಷ್ಟು ಸೆಂಟಿಮೀಟರ್ ಸಾರ್ ಎಂದು ಕೇಳಿದೆ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದಾರೆ ಅಂದರು. ನಾನು ಅಲ್ಲೇ ನಿಂತೆ. ಚಿಕ್ಕಪ್ಪನನ್ನು ಮತ್ತೆ ಮಲಗಿಸಿ, ಜೆಲ್ ಹಚ್ಚಿ ಅಳೆದರು. ಒಂದು ಸಲ ಅಳೆದು ಇನ್ನೊಂದು ಸಲ ಅಳೆದರು. ಅಚ್ಚಿನ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಪೆನ್ನಿನಿಂದ ಬರೆದುಕೊಟ್ಟರು: 3.4.

ಅಪ್ಪನ 2021ರ ರಿಪೋರ್ಟು, ಚಿಕ್ಕಪ್ಪನ ಈ ರಿಪೋರ್ಟು, ಎರಡರ ಜೆರಾಕ್ಸನ್ನೂ ಹೆಸರು, ವಿಳಾಸ ಮುಚ್ಚಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಓದಬೇಕಾದ ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ಚಾಲಕರೊಬ್ಬರ ಮಗಳು,
ಕಡೂರು ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ